ಮೂರು ವರ್ಷದ ಮಗಳಿಗೆ ಪ್ರಾಣಿಗಳ ಚಿತ್ರಪುಸ್ತಕ, ಯಾವುದು ಕೊಡಿಸಲಿ?

ಹಾಸನದ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗಷ್ಟೇ ಮೂರು ತುಂಬಿದೆ. ನಾಯಿ, ಬೆಕ್ಕು, ಎಮ್ಮೆ, ಗೋಡೆ ಮೇಲಿನ ಹಲ್ಲಿ, ಯಾವುದು ಕಂಡರೂ ನಿಂತು ಮಾತಾಡಿಸುತ್ತಾಳೆ. ಪುಸ್ತಕ ಕೊಡಿಸೋಣ ಅಂತ ಇಲ್ಲಿನ ಅಂಗಡಿಗಳಲ್ಲಿ ಕೇಳಿದರೆ ಸಿಗುವುದು ಎರಡೇ ಥರ. ಒಂದು ಚಾರ್ಟ್ ಇದ್ದ ಹಾಗೆ, ಪುಟದ ತುಂಬಾ ಪ್ರಾಣಿಗಳು, ಕೆಳಗೆ ಹೆಸರು, ಅಷ್ಟೇ. ಇನ್ನೊಂದು ನೀತಿಕಥೆ, ಪುಟ ತುಂಬಾ ಅಕ್ಷರ, ಮೂಲೆಯಲ್ಲಿ ಪುಟ್ಟ ಚಿತ್ರ. ಮೊದಲನೆಯದರಲ್ಲಿ ಕಥೆ ಇಲ್ಲ, ಎರಡನೆಯದಕ್ಕೆ ಅವಳು ಕೂರುವುದಿಲ್ಲ. ಕನ್ನಡದಲ್ಲಿ ದೊಡ್ಡ ಚಿತ್ರ ಇದ್ದು, ಪುಟಕ್ಕೆ ಒಂದೆರಡು ಸಾಲಿರುವ, ಪ್ರಾಣಿಯೇ ಮುಖ್ಯ ಪಾತ್ರ ಆಗಿರುವ ಪುಸ್ತಕ ಗೊತ್ತಿದ್ದರೆ ಹೇಳಿ.

ಹಗಲು ಹೊತ್ತು ಅತ್ತೆ ನೋಡಿಕೊಳ್ಳುತ್ತಾರೆ. ಅವರಿಗೆ ಓದು ಬರುವುದಿಲ್ಲ, ಅದನ್ನೂ ಗಮನದಲ್ಲಿಟ್ಟುಕೊಳ್ಳಿ.

ಇನ್ನೊಂದು ವಿಷಯ. ನನ್ನ ತವರು ಆಲೂರು ಕಡೆ. ಅಲ್ಲಿಗೆ ಹೋದಾಗಲೆಲ್ಲ ಆನೆ ಬಂತು, ಆನೆ ಬಂತು ಅನ್ನುವ ಮಾತು ಕೇಳಿ ಕೇಳಿ, ಈಗ ಆನೆ ಚಿತ್ರ ಕಂಡರೂ ಪುಸ್ತಕ ಮುಚ್ಚಿಬಿಡುತ್ತಾಳೆ. ಆನೆ ಇರುವ ಪುಸ್ತಕ ಕೊಡಬೇಕೋ, ಸ್ವಲ್ಪ ದಿನ ಬಿಡಬೇಕೋ?

ಅಂಗನವಾಡಿ ಟೀಚರ್, ಬೇಲೂರು ತಾಲ್ಲೂಕು

ಅಕ್ಕ, ಮೊದಲು ಪುಸ್ತಕ ಆರಿಸುವುದು ಹೇಗೆ ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಬರೀ ಹೆಸರು ಹೇಳಿದರೆ ಆ ಪುಸ್ತಕ ಸಿಗದಿದ್ದಾಗ ನೀವು ಬರಿಗೈಯಲ್ಲಿ ವಾಪಸ್ ಬರುತ್ತೀರಿ. ಅಂಗಡಿಯಲ್ಲೇ ಪುಸ್ತಕ ತೆಗೆದು ಅಕ್ಷರದ ಮೇಲೆ ಕೈ ಅಡ್ಡ ಇಡಿ. ಬರೀ ಚಿತ್ರ ನೋಡಿದರೆ ಏನು ನಡೆಯುತ್ತಿದೆ ಅಂತ ಗೊತ್ತಾಗುತ್ತದಾ? ಗೊತ್ತಾದರೆ ತಗೊಳ್ಳಿ, ಅದನ್ನು ನಿಮ್ಮ ಅತ್ತೆಯೂ ಓದಬಲ್ಲರು. ಆಮೇಲೆ ಒಂದೇ ಮಾತು ಪದೇ ಪದೇ ಬರುತ್ತದಾ ನೋಡಿ. ಈ ವಯಸ್ಸಿನ ಮಕ್ಕಳಿಗೆ ಮುಂದೆ ಏನು ಬರುತ್ತದೆ ಅಂತ ಮೊದಲೇ ಗೊತ್ತಿರಬೇಕು, ನಮಗಿಂತ ಮುಂಚೆ ಅವರೇ ಹೇಳಬೇಕು, ಅದೇ ಅವರಿಗೆ ಖುಷಿ. ಒಂದೇ ಪುಸ್ತಕ ಮತ್ತೆ ಮತ್ತೆ ಕೇಳುತ್ತಾರೆ ಅಂತ ಕೆಲವು ತಾಯಂದಿರು ಬೇಜಾರು ಮಾಡಿಕೊಳ್ಳುತ್ತಾರೆ. ಬೇಜಾರು ಬೇಡ, ಮಾತು ಕಲಿಯುವುದೇ ಹಾಗೆ.

ದುಡ್ಡು ಖರ್ಚಿಲ್ಲದೆ ಶುರು ಮಾಡಬೇಕು ಅಂದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟ್ ನೋಡಿ. 2015ರಿಂದ ನಡೆಯುತ್ತಿದೆ, ಕನ್ನಡದ ಕಥೆಗಳು ಸಾಕಷ್ಟಿವೆ, ಪೂರ್ತಿ ಉಚಿತ. ಅದರಲ್ಲಿ 1ನೇ ಹಂತ ಅಂತ ಆರಿಸಿಕೊಂಡರೆ ಪುಟಕ್ಕೆ ಒಂದೆರಡು ಸಾಲಿನ ಪುಸ್ತಕಗಳೇ ಬರುತ್ತವೆ. ಅಕ್ಷರವೇ ಇಲ್ಲದ ಚಿತ್ರಕಥೆಗಳೂ ಇವೆ. ಪಿಡಿಎಫ್ ಇಳಿಸಿಕೊಂಡು ಕಲರ್ ಪ್ರಿಂಟ್ ತೆಗೆಸಿ ಮಧ್ಯಕ್ಕೆ ಪಿನ್ ಹೊಡೆಸಿ. ಮೊಬೈಲಲ್ಲಿ ತೋರಿಸಿದರೆ ಪುಟ ತಿರುಗಿಸುವ ಬದಲು ಬೇರೆ ಏನೋ ಒತ್ತಿಬಿಡುತ್ತಾರೆ, ಕಥೆ ಅಲ್ಲಿಗೇ ಮುಗಿಯುತ್ತದೆ.

ಇದರಿಂದ ನಮಗೆ ಇನ್ನೊಂದು ದೊಡ್ಡ ಉಪಕಾರ ಆಗಿದೆ. ನಮ್ಮ ಕೇಂದ್ರಕ್ಕೆ ತೋಟದ ಲೈನ್ ಮನೆಗಳಿಂದ ಮಕ್ಕಳು ಬರುತ್ತಾರೆ. ಕೆಲವರ ಮನೆಯಲ್ಲಿ ತಮಿಳು, ಕೆಲವರ ಮನೆಯಲ್ಲಿ ಅಸ್ಸಾಮಿ, ಹಿಂದಿ. ಎಷ್ಟೋ ಕಥೆಗಳು ಈ ಭಾಷೆಗಳಲ್ಲೂ ಇರುವುದರಿಂದ ಒಂದೇ ಪುಸ್ತಕವನ್ನು ಎರಡು ಭಾಷೆಯಲ್ಲಿ ಪ್ರಿಂಟ್ ತೆಗೆದು ಒಂದನ್ನು ಮನೆಗೆ ಕಳಿಸುತ್ತೇನೆ. ರಾತ್ರಿ ಅಪ್ಪನ ಬಾಯಲ್ಲಿ ಕೇಳಿದ ಕಥೆ ಬೆಳಗ್ಗೆ ನನ್ನ ಬಾಯಲ್ಲಿ ಕನ್ನಡದಲ್ಲಿ ಬಂದರೆ ಆ ಮಗುವಿನ ಮುಖ ನೋಡಬೇಕು ನೀವು.

ಬೆಂಗಳೂರು ಸೇರಿದ ಚಿಕ್ಕಮಗಳೂರಿನವಳು

ಟೀಚರ್ ಹೇಳಿದ್ದು ಸರಿ. ಅದರ ಜೊತೆಗೆ ಇಂಗ್ಲಿಷಿನ ಒಂದೆರಡು ಒಳ್ಳೆ ಪುಸ್ತಕ ಕೂಡ ಇರಲಿ ಅಂತ ನನ್ನ ಸಲಹೆ, ಓದುವಾಗ ನೀವೇ ಕನ್ನಡದಲ್ಲಿ ಹೇಳಿದರಾಯಿತು. ಎರಿಕ್ ಕಾರ್ಲ್ ಅವರ 'ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್' 1969ರದ್ದು, ಇವತ್ತಿಗೂ ಮಕ್ಕಳು ಬಿಡುವುದಿಲ್ಲ. ಹುಳು ತಿಂದ ಹಣ್ಣಿನಲ್ಲಿ ನಿಜವಾದ ತೂತು ಇರುತ್ತದೆ, ಮಗು ಅದರೊಳಗೆ ಬೆರಳು ತೂರಿಸುತ್ತದೆ. ವಾರದ ದಿನ, ಒಂದು ಎರಡು ಮೂರು, ಎಲ್ಲ ತಾನಾಗೇ ಬರುತ್ತದೆ. ಅದರಲ್ಲಿ ಸಲಾಮಿ, ಸ್ವಿಸ್ ಚೀಸ್ ಎಲ್ಲ ಇದೆ, ನಾನು ಅದನ್ನೆಲ್ಲ ಬಿಟ್ಟು ಹೋಳಿಗೆ, ಕಡುಬು ಅಂತಲೇ ಓದಿದ್ದೆ, ಮಗನಿಗೆ ಏನೂ ವ್ಯತ್ಯಾಸ ಆಗಲಿಲ್ಲ.

ಇನ್ನೂ ಚಿಕ್ಕವರಿಗಾದರೆ ಮುಚ್ಚಳ ಎತ್ತಿ ನೋಡುವ ಪುಸ್ತಕಗಳು. ಎರಿಕ್ ಹಿಲ್ ಅವರ 'ವೇರ್ ಈಸ್ ಸ್ಪಾಟ್?' (1980) ನಾಯಿಮರಿ ಹುಡುಕುವ ಕಥೆ, ಬಾಗಿಲ ಹಿಂದೆ, ಮಂಚದ ಕೆಳಗೆ ಬೇರೆ ಬೇರೆ ಪ್ರಾಣಿ ಸಿಗುತ್ತವೆ. ರಾಡ್ ಕ್ಯಾಂಪ್‌ಬೆಲ್ ಅವರ 'ಡಿಯರ್ ಝೂ' (1982) ಇನ್ನೊಂದು. ಮೃಗಾಲಯದಿಂದ ಒಂದೊಂದೇ ಪ್ರಾಣಿ ಡಬ್ಬಿಯಲ್ಲಿ ಬರುತ್ತದೆ, ಇದು ಬೇಡ ಅಂತ ವಾಪಸ್ ಕಳಿಸುತ್ತಾ ಹೋಗುತ್ತಾರೆ. ಅದರಲ್ಲಿ ಆನೆಯೂ ಬರುತ್ತದೆ, ಆದರೆ ಅದನ್ನು ವಾಪಸ್ ಕಳಿಸುವ ಅಧಿಕಾರ ಮಗುವಿನ ಕೈಯಲ್ಲೇ ಇದೆ. ನಿಮ್ಮ ಮಗಳಿಗೆ ಅದು ಒಗ್ಗಬಹುದು ಅನ್ನಿಸುತ್ತದೆ. ದಪ್ಪ ರಟ್ಟಿನ ಪ್ರತಿಯನ್ನೇ ಕೇಳಿ. ತೆಳು ಕಾಗದದ್ದಾದರೆ ಮುಚ್ಚಳ ಕಿತ್ತು ಬರುತ್ತದೆ.

ಮೂಡಿಗೆರೆ ಅಜ್ಜ

ಹುಳುವಿನ ಪುಸ್ತಕ ನಮ್ಮ ಮನೆಗೂ ಬಂದಿದೆ, ಮೊಮ್ಮಗನದ್ದು, ಚಂದ ಇದೆ. ಅದನ್ನು ತಂದವರು ಹಿತ್ತಲಿಗೂ ಒಮ್ಮೆ ಹೋಗಿ ಬನ್ನಿ ಅಂತ ಹೇಳುವುದಕ್ಕೆ ಬರೆಯುತ್ತಿದ್ದೇನೆ. ಕರಿಬೇವಿನ ಗಿಡ ಅಥವಾ ನಿಂಬೆ ಗಿಡ ಇದ್ದರೆ ಎಳೆ ಎಲೆ ಮೇಲೆ ನೋಡಿ. ಹಕ್ಕಿ ಹಿಕ್ಕೆ ಬಿದ್ದಿದೆ ಅನ್ನಿಸುವ ಹಾಗೆ ಕಪ್ಪು ಬಿಳುಪಿನ ಸಣ್ಣ ಹುಳು ಇರುತ್ತದೆ. ಹಕ್ಕಿ ಮೋಸ ಹೋಗಲಿ ಅಂತಲೇ ಆ ವೇಷ. ಸ್ವಲ್ಪ ದೊಡ್ಡದಾದ ಮೇಲೆ ಹಸಿರು ಬಣ್ಣಕ್ಕೆ ತಿರುಗುತ್ತದೆ, ಮುಟ್ಟಿದರೆ ತಲೆಯ ಹತ್ತಿರ ಕೊಂಬಿನಂಥದ್ದು ಹೊರಗೆ ಚಾಚಿ ವಾಸನೆ ಬಿಡುತ್ತದೆ. ಆಮೇಲೆ ಕಡ್ಡಿಗೆ ಒರಗಿ ಕೋಶ ಆಗುತ್ತದೆ, ಅದರಿಂದ ಚಿಟ್ಟೆ ಬರುತ್ತದೆ. ಪುಸ್ತಕದ ಹುಳು ಹಣ್ಣಿಂದ ಹಣ್ಣಿಗೆ ಹೋಗಿ ಸಿಕ್ಕಿದ್ದೆಲ್ಲ ತಿನ್ನುತ್ತದೆ, ನಮ್ಮ ಹಿತ್ತಲ ಹುಳು ತನ್ನ ಗಿಡ ಬಿಟ್ಟು ಬೇರೆ ಮುಟ್ಟುವುದಿಲ್ಲ. ಎರಡನ್ನೂ ನೋಡಿದ ಮಗು ತಾನೇ ಪ್ರಶ್ನೆ ಕೇಳುತ್ತದೆ.

ದೊಡ್ಡ ಮಕ್ಕಳಿಗೆ ನಮ್ಮೂರಿನ ತೇಜಸ್ವಿಯವರ 'ಪರಿಸರದ ಕಥೆ' ಇದ್ದೇ ಇದೆ. ಅದು ಚಿತ್ರಪುಸ್ತಕ ಅಲ್ಲ, ಮೂರು ವರ್ಷಕ್ಕೆ ಆಗುವುದೂ ಇಲ್ಲ, ಆದರೆ ಅದರಲ್ಲಿ ಬರುವ, 'ಕಿವಿ' ಅನ್ನುವ ಹೆಸರಿನ ಅವರ ನಾಯಿಯ ಸುದ್ದಿಯನ್ನು ಬಾಯಲ್ಲಿ ಹೇಳಿದರೆ ಎಂಥ ಮಗುವೂ ಕೂತು ಕೇಳುತ್ತದೆ. ನಾಯಿ ನಾಯಿಯ ಹಾಗೇ ಇದೆ ಅದರಲ್ಲಿ, ಅದಕ್ಕೇ ನನಗೆ ಇಷ್ಟ.

ಎಸ್ಟೇಟ್ ಅಪ್ಪ, ಸಕಲೇಶಪುರ

ಆನೆ ವಿಷಯ ಯಾರೂ ಸರಿಯಾಗಿ ಹೇಳಲಿಲ್ಲ, ನಾನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಕ್ಷಮಿಸಿ, ಇದು ನಮ್ಮ ಮನೆಯ ದಿನನಿತ್ಯದ ವಿಷಯ.

ನಮ್ಮ ಕಡೆ ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯ ಮೆಸೇಜು ನೋಡಿಕೊಂಡೇ ಮಕ್ಕಳನ್ನು ಸ್ಕೂಲಿಗೆ ಕಳಿಸಬೇಕು. ಕುತ್ತಿಗೆಗೆ ರೇಡಿಯೋ ಕಾಲರ್ ಹಾಕಿದ ಆನೆ ಇದ್ದರೆ ಗುಂಪು ಯಾವ ತೋಟದಲ್ಲಿದೆ ಅಂತ ತಿಳಿಯುತ್ತದೆ, ಒಂಟಿ ಗಂಡಾನೆಯಾದರೆ ಎಲ್ಲಿ ಎದುರಾಗುತ್ತದೋ ಹೇಳಲಿಕ್ಕಾಗದು. ಹಲಸು ಹಣ್ಣಾಗುವಾಗ, ಭತ್ತ ತೆನೆ ಬಿಡುವಾಗ ಜಾಸ್ತಿ. ಹೀಗಿರುವಾಗ ಮಗುವಿಗೆ ಆನೆ ಭಯ ಇದ್ದರೆ ಅದು ತಪ್ಪಲ್ಲ ಕಣ್ರೀ, ಇರಬೇಕಾದ ಭಯ. ಪುಸ್ತಕ ತೋರಿಸಿ ಆ ಭಯ ಓಡಿಸಬೇಕು ಅಂತ ದಯವಿಟ್ಟು ಹೊರಡಬೇಡಿ. ಆನೆಗೆ ಟೋಪಿ ಹಾಕಿಸಿ, ಕೇಕ್ ತಿನ್ನಿಸಿ, ಮಕ್ಕಳ ಜೊತೆ ಕುಣಿಸುವ ಪುಸ್ತಕಗಳಿವೆ. ಊರಲ್ಲಿ ಆನೆ ಇಲ್ಲದ ಮಕ್ಕಳಿಗೆ ಅವು ತಮಾಷೆ. ಆನೆ ಬರುವ ದಾರಿಯಲ್ಲಿ ಮನೆ ಇರುವ ಮಗುವಿಗೆ ಅದನ್ನೇ ಮೊದಲು ಕೊಟ್ಟರೆ, ಆನೆ ಕಂಡಾಗ ಹತ್ತಿರ ಹೋಗಬಹುದು ಅಂತ ತಿಳಿದುಕೊಂಡರೆ?

ಹಾಗಂತ ಆನೆ ಅಂದರೆ ಬರೀ ಹೆದರಿಕೆ ಅಂತಲೂ ಆಗಬಾರದು. ನನ್ನ ಮಗನಿಗೆ ನಾನು ಹುಡುಕಿದ್ದು ಆನೆ ಆನೆಯಾಗಿಯೇ ಇರುವ ಪುಸ್ತಕ. ಹಿರಿಯ ಹೆಣ್ಣಾನೆ ಮುಂದೆ ಹೋಗುತ್ತದೆ, ಮರಿ ದೊಡ್ಡವರ ಕಾಲ ಸಂದಿಯಲ್ಲಿ ನಡೆಯುತ್ತದೆ, ಕೆಸರು ಮೆತ್ತಿಕೊಳ್ಳುತ್ತದೆ, ದಿನಕ್ಕೆ 150 ಕೆಜಿವರೆಗೂ ಮೇಯುತ್ತದೆ, ಅದಕ್ಕೇ ಅದು ನಡೆಯುತ್ತಲೇ ಇರಬೇಕು. ಇಷ್ಟು ಗೊತ್ತಾದ ಮೇಲೆ ಅವನು ಕೇಳುವ ಪ್ರಶ್ನೆ ಬದಲಾಯಿತು. ಮೊದಲು 'ಆನೆ ನಮ್ಮನ್ನು ತುಳಿಯುತ್ತಾ?' ಅಂತಿದ್ದ, ಆಮೇಲೆ 'ಆನೆ ಮರಿಗೆ ಹಸಿವಾಯ್ತಾ?' ಅಂತ ಕೇಳತೊಡಗಿದ. ಭಯ ಇದೆ, ಗೇಟಿನ ಆಚೆ ಒಬ್ಬನೇ ಹೋಗುವುದಿಲ್ಲ, ಆದರೆ ಆನೆ ಅವನಿಗೆ ಭೂತ ಅಲ್ಲ.

2023ರ ಡಿಸೆಂಬರ್ 4ರಂದು ನಮ್ಮ ಯಸಳೂರಿನ ಕಾಡಲ್ಲಿ ಅರ್ಜುನ ಸತ್ತದ್ದು ನಿಮಗೆಲ್ಲ ಗೊತ್ತು. ಎಂಟು ಸಲ ದಸರಾ ಅಂಬಾರಿ ಹೊತ್ತ ಆನೆ, ಕಾಡಾನೆ ಹಿಡಿಯಲು ಬಂದು ಕಾಡಾನೆಯ ಜೊತೆಯ ಕಾಳಗದಲ್ಲೇ ಹೋಯಿತು. ದೊಡ್ಡವರೂ ಅತ್ತರು. ಇಲ್ಲಿನ ಮಕ್ಕಳು ಆನೆಯನ್ನು ಹೀಗೆ ಎರಡು ಕಡೆಯಿಂದ ನೋಡಿಯೇ ಬೆಳೆಯುತ್ತಾರೆ. ನಮ್ಮ ಕಾಫಿ ತೋಟ, ನಮ್ಮ ಹಲಸಿನ ಮರ, ರಾತ್ರಿ ಪಟಾಕಿ ಸದ್ದು, ದಾರಿ ಹುಡುಕುವ ಆನೆ, ಇದೆಲ್ಲ ಇರುವ ಚಿತ್ರಪುಸ್ತಕವನ್ನು ಯಾರಾದರೂ ಚೆನ್ನಾಗಿ ಮಾಡಿದರೆ ನಾನು ಊರಿನ ಎಲ್ಲ ಅಂಗನವಾಡಿಗೂ ಕೊಂಡು ಕೊಡುತ್ತೇನೆ.

ಅಂಗನವಾಡಿ ಟೀಚರ್, ಬೇಲೂರು ತಾಲ್ಲೂಕು

ಸರ್, ನೀವು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ತೂಲಿಕಾ ಪ್ರಕಾಶನದವರ 'ಗಜಪತಿ ಕುಲಪತಿ' ಅಂತ ಒಂದು ಪುಸ್ತಕ, ಅಶೋಕ್ ರಾಜಗೋಪಾಲನ್ ಅವರದ್ದು, ಕನ್ನಡದಲ್ಲೂ ಬಂದಿದೆ. ದೊಡ್ಡ ಆನೆಗೆ ನೆಗಡಿ ಆಗುತ್ತದೆ, ಅಷ್ಟೇ ಕಥೆ. ಆನೆ ಸೀನುವ ಪುಟಕ್ಕೆ ನಮ್ಮ ಮಕ್ಕಳೆಲ್ಲ ಉಸಿರು ಹಿಡಿದು ಕಾಯುತ್ತಾರೆ. ಹಿಂದಿನ ರಾತ್ರಿ ಆನೆ ಕೂಗಿದ್ದು ಕೇಳಿ ನಿದ್ದೆಗೆಟ್ಟು ಬಂದ ಮಗುವೂ ಅದರಲ್ಲಿ ನಗುತ್ತದೆ. ನಕ್ಕ ಮಾತ್ರಕ್ಕೆ ಆ ಮಗು ಆನೆಯ ಹತ್ತಿರ ಹೋಗುವುದಿಲ್ಲ, ಅಷ್ಟು ಬುದ್ಧಿ ಮೂರು ವರ್ಷಕ್ಕೂ ಇರುತ್ತದೆ. ಎರಡೂ ಥರದ್ದು ಬೇಕು. ನಿಜದ ಆನೆಯ ಪುಸ್ತಕ ನೀವು ಹೇಳಿದ ಹಾಗೆ ಮೊದಲು ಬರಲಿ, ಅದು ಸರಿ.

ಹಾಸನದ ಅಕ್ಕ, ನಿಮ್ಮ ಮಗಳು ಪುಸ್ತಕ ಮುಚ್ಚಿದರೆ ಮುಚ್ಚಲಿ. ಬಲವಂತವಾಗಿ ತೆರೆಯಬೇಡಿ. ಪುಸ್ತಕ ಅವಳ ಕೈಗೆ ಎಟುಕುವ ಹಾಗೆ ಬಿಟ್ಟಿರಿ, ತಾನೇ ತೆರೆದ ದಿನ ಓದಿ.

ಮಕ್ಕಳ ಮನಶ್ಶಾಸ್ತ್ರ ಓದಿದವಳು, ಚಿಕ್ಕಮಗಳೂರು

ಟೋಪಿ ಹಾಕಿದ ಪ್ರಾಣಿಗಳ ಬಗ್ಗೆ ಮಾತು ಬಂದಿದ್ದರಿಂದ ಹೇಳುತ್ತೇನೆ. ಟೊರಾಂಟೊ ವಿಶ್ವವಿದ್ಯಾಲಯದವರು 2014ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದರು. ಚಿಕ್ಕ ಮಕ್ಕಳಿಗೆ ಪರಿಚಯವೇ ಇಲ್ಲದ ಪ್ರಾಣಿಗಳ ಪುಸ್ತಕ ಓದಿಸಿದರು. ಪ್ರಾಣಿ ಮನುಷ್ಯರ ಹಾಗೆ ಮಾತಾಡುವ, ಯೋಚಿಸುವ ಪುಸ್ತಕ ಕೇಳಿದ ಮಕ್ಕಳು ಆ ಪ್ರಾಣಿಯ ಬಗ್ಗೆ ನಿಜವಾದ ಸಂಗತಿ ಕಡಿಮೆ ಕಲಿತರು. ನಿಜದ ಪ್ರಾಣಿಯೂ ಮನುಷ್ಯರ ಹಾಗೇ ಯೋಚಿಸುತ್ತದೆ ಅಂತ ಹೇಳುವುದು ಜಾಸ್ತಿ ಆಯಿತು. 2017ರಲ್ಲಿ ಅಲ್ಲಿನವರದೇ ಇನ್ನೊಂದು ಅಧ್ಯಯನ ಬಂತು. ಹಂಚಿಕೊಳ್ಳುವುದನ್ನು ಕಲಿಸುವ ಕಥೆಯಲ್ಲಿ ಪಾತ್ರ ಮನುಷ್ಯರಾಗಿದ್ದಾಗ ನಾಲ್ಕರಿಂದ ಆರು ವರ್ಷದ ಮಕ್ಕಳು ತಮ್ಮ ಸ್ಟಿಕ್ಕರ್ ಜಾಸ್ತಿ ಹಂಚಿಕೊಂಡರು, ಅದೇ ಕಥೆ ಬಟ್ಟೆ ಹಾಕಿದ ಪ್ರಾಣಿಗಳದ್ದಾಗಿದ್ದಾಗ ಹಾಗೆ ಆಗಲಿಲ್ಲ.

ಇದರಿಂದ ನರಿ, ಮೊಲ ಮಾತಾಡುವ ಪುಸ್ತಕ ಬಿಸಾಡಿ ಅಂತ ಅರ್ಥ ಅಲ್ಲ. ಬೆಕ್ಕು ನಾಯಿ ದಿನಾ ನೋಡುವ ಮಗುವಿಗೆ ಬೆಕ್ಕು ಲಂಗ ಹಾಕಿದರೆ ಅದು ಆಟ ಅಂತ ಗೊತ್ತಾಗುತ್ತದೆ. ಮಗು ಕಂಡೇ ಇರದ ಪ್ರಾಣಿಯನ್ನು ಮೊದಲ ಸಲ ತೋರಿಸುವಾಗ ಮಾತ್ರ ಅದನ್ನು ಅದರ ರೂಪದಲ್ಲೇ ತೋರಿಸಿ. ಮತ್ತೆ, ನೀತಿ ಕಲಿಸಬೇಕು ಅಂತ ಪ್ರಾಣಿ ಪುಸ್ತಕ ಕೊಳ್ಳಬೇಡಿ. ಕಥೆ ಚೆನ್ನಾಗಿದ್ದರೆ ಅಷ್ಟೇ ಸಾಕು.

ಅಜ್ಜಂಪುರದ ದನ ಸಾಕುವವನು

ನಂದೊಂದು ಬೇಸರ ಹೇಳಿಕೊಳ್ಳುತ್ತೇನೆ. ಯಾವ ಪುಸ್ತಕ ತೆರೆದರೂ ಹಸು ಅಂದರೆ ಕಪ್ಪು ಬಿಳಿ ಮಚ್ಚೆ, ಕೊಂಬಿಲ್ಲ. ಅದು ಎಚ್‌ಎಫ್, ಅಂದರೆ ಹೋಲ್‌ಸ್ಟೀನ್ ಫ್ರೀಸಿಯನ್ ಅನ್ನುವ ವಿದೇಶಿ ತಳಿ. ನಮ್ಮೂರಲ್ಲಿ ಅಮೃತಮಹಲ್ ತಳಿ ಕೇಂದ್ರ ಇದೆ, ಬೂದು ಮೈ, ಹಿಂದಕ್ಕೆ ಬಾಗಿ ಮೇಲಕ್ಕೆ ಎದ್ದ ಚೂಪು ಕೊಂಬು, ಏನು ಗತ್ತು ಅವುಗಳದ್ದು! ಇಲ್ಲಿನ ಮಗು ಪುಸ್ತಕದ ಹಸು ನೋಡಿ ಇದು ಹಸು, ಮನೆಯದ್ದು ಬೇರೆ ಏನೋ ಅಂದುಕೊಳ್ಳಬಾರದಲ್ವಾ. ಚಿತ್ರ ಬರೆಯುವವರು ಒಮ್ಮೆ ಇತ್ತ ಬಂದು ನೋಡಲಿ. ಕಾಟಿ, ಕಾಡುಪಾಪ, ಚಿಪ್ಪುಹಂದಿ, ಕೆಂದಳಿಲು, ಇವೂ ಪುಸ್ತಕಕ್ಕೆ ಬರಲಿ. ಪೆಂಗ್ವಿನ್ ಬೇಡ ಅಂತಲ್ಲ, ಇವು ಮೊದಲು.

ಇಷ್ಟೆಲ್ಲ ಬರೆದಿದ್ದೀರಿ, ಗೋವಿನ ಹಾಡು ಯಾರಿಗೂ ನೆನಪಾಗಲಿಲ್ಲವಾ? ಪುಣ್ಯಕೋಟಿಗಿಂತ ಒಳ್ಳೆ ಪ್ರಾಣಿ ಕಥೆ ಕನ್ನಡದಲ್ಲಿ ಇದೆಯಾ? ಚಿತ್ರದ ಜೊತೆ ಅಚ್ಚಾದ ಪುಸ್ತಕವೂ ಸಿಗುತ್ತದೆ.

ಹಾಸನದ ಅಮ್ಮ

ಪುಣ್ಯಕೋಟಿ ನಮ್ಮ ಅತ್ತೆಗೆ ಪೂರ್ತಿ ಬಾಯಿಗೆ ಬರುತ್ತದೆ ಅಣ್ಣ. ಹಾಡಿದರೆ ನನಗೇ ಕಣ್ಣಲ್ಲಿ ನೀರು ಬರುತ್ತದೆ. ಆದರೆ ಕರು ತಬ್ಬಲಿಯಾಗುವ ಮಾತು, ಕೊನೆಗೆ ಹುಲಿ ಸಾಯುವುದು, ಮೂರು ವರ್ಷಕ್ಕೆ ತೀರಾ ಭಾರ ಆಗುವುದಿಲ್ಲವಾ? ನಾನು ಕೆಲಸಕ್ಕೆ ಹೋಗುವವಳು. ತಾಯಿ ಮತ್ತೆ ಬರುತ್ತಾಳೋ ಇಲ್ಲವೋ ಅನ್ನುವ ಕಥೆ ಕೇಳಿ ಬೆಳಗ್ಗೆ ನನ್ನ ಸೀರೆ ಸೆರಗು ಹಿಡಿದರೆ ಏನು ಮಾಡಲಿ.

ಅಜ್ಜಂಪುರದ ದನ ಸಾಕುವವನು

ಭಾರ ಆಗುತ್ತದೆ ತಂಗಿ, ಆಗಲಿ. ತಲೆತಲಾಂತರದಿಂದ ಮಕ್ಕಳು ಕೇಳಿಕೊಂಡು ಬಂದಿದ್ದಾರೆ. ಅಜ್ಜಿಯ ತೊಡೆ ಮೇಲೆ ಕೂತು ಕೇಳುವಾಗ ಅಳು ಬಂದರೆ ಅಜ್ಜಿ ಅಲ್ಲೇ ಇರುತ್ತಾರಲ್ಲ. ಕೊನೆ ಬದಲಾಯಿಸಿ ಹುಲಿ ಕೂಡ ಹುಲ್ಲು ತಿನ್ನತೊಡಗಿತು ಅಂತ ಮಾಡಿದರೆ ಮಾತ್ರ ನನಗೆ ಸಹಿಸಲಿಕ್ಕೆ ಆಗುವುದಿಲ್ಲ.

ಮಕ್ಕಳ ಮನಶ್ಶಾಸ್ತ್ರ ಓದಿದವಳು, ಚಿಕ್ಕಮಗಳೂರು

ಕೊನೆ ಬದಲಾಯಿಸಬಾರದು ಅನ್ನುವುದು ನನ್ನದೂ ಅಭಿಪ್ರಾಯ. ಆದರೆ ಈಗಲೇ ಪೂರ್ತಿ ಹೇಳಬೇಕು ಅಂತೇನಿಲ್ಲ. ಮೂರಕ್ಕೆ ಹಸುಗಳನ್ನು ಹೆಸರಿಟ್ಟು ಕರೆಯುವ ಭಾಗ ಹಾಡಿ, ಆ ಹೆಸರುಗಳ ಸಾಲೇ ಮಕ್ಕಳಿಗೆ ಹಬ್ಬ. ಐದಾರು ವರ್ಷಕ್ಕೆ ಪೂರ್ತಿ ಹಾಡಿ. ತಾಯಿ ಹೋಗಿ ವಾಪಸ್ ಬರುವ ಕಥೆ ಬೇಕಾದರೆ ಹಕ್ಕಿ ಗೂಡಿನ ಪುಸ್ತಕಗಳು ಒಳ್ಳೆಯವು. ತಾಯಿ ಹಾರಿ ಹೋಗುತ್ತದೆ, ಹುಳು ತರುತ್ತದೆ, ಮರಿ ಬಾಯಿ ತೆರೆಯುತ್ತದೆ. ಕೆಲಸಕ್ಕೆ ಹೋಗುವ ತಾಯಂದಿರಿಗೆ ನಾನು ಯಾವಾಗಲೂ ಅದನ್ನೇ ಹೇಳುತ್ತೇನೆ.

ಗ್ರಂಥಾಲಯ ನೋಡಿಕೊಳ್ಳುವವಳು, ಕಡೂರು ತಾಲ್ಲೂಕು

ಪುಸ್ತಕ ಕೊಂಡೇ ಓದಬೇಕು ಅಂತಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಅಂತ ಹೆಸರು. 2020ರಲ್ಲಿ 'ಓದುವ ಬೆಳಕು' ಶುರುವಾದಾಗಿನಿಂದ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ನಿಮ್ಮ ಮಗು ಚಿಕ್ಕದು, ಆದರೆ ಅಕ್ಕನೋ ಅಣ್ಣನೋ ಇದ್ದರೆ ಅವರ ಹೆಸರಲ್ಲಿ ತರಬಹುದು, ಇಲ್ಲದಿದ್ದರೆ ಅಲ್ಲೇ ಕೂತು ನೋಡಬಹುದು. ನಮ್ಮಲ್ಲಿ ಚಿತ್ರಪುಸ್ತಕಗಳನ್ನು ಕಪಾಟಿನ ಕೆಳ ಸಾಲಿನಲ್ಲಿ ಮುಖ ಹೊರಗೆ ಮಾಡಿ ಇಟ್ಟಿದ್ದೇವೆ, ಬೆನ್ನು ಕಾಣುವ ಹಾಗಿಟ್ಟರೆ ಮಕ್ಕಳು ಮುಟ್ಟುವುದೇ ಇಲ್ಲ. ಸದ್ಯ ಜಾಸ್ತಿ ಓಡಾಡುತ್ತಿರುವುದು ರೋಹಿಣಿ ನಿಲೇಕಣಿಯವರ ಶೃಂಗೇರಿ ಶ್ರೀನಿವಾಸನ ಪುಸ್ತಕ. ಕೂದಲು ಉದ್ದ ಬೆಳೆದ ಶ್ರೀನಿವಾಸ ಕ್ಷೌರಕ್ಕೆ ಅಲೆದಾಡುವ ಕಥೆ, ಅದರಲ್ಲಿ ಹುಲಿಯೂ ಬರುತ್ತದೆ. ಶೃಂಗೇರಿ ಅಂದ ತಕ್ಷಣ ನಮ್ಮ ಜಿಲ್ಲೆ ಮಕ್ಕಳ ಕಿವಿ ನೆಟ್ಟಗಾಗುತ್ತದೆ. ಇದೂ ಪ್ರಥಮ್ ಬುಕ್ಸ್‌ನದ್ದೇ. ನ್ಯಾಷನಲ್ ಬುಕ್ ಟ್ರಸ್ಟ್‌ನ ಕನ್ನಡದ ಮಕ್ಕಳ ಪುಸ್ತಕಗಳೂ ಕಡಿಮೆ ಬೆಲೆಗೆ ಸಿಗುತ್ತವೆ, ಪುಸ್ತಕ ಮೇಳಕ್ಕೆ ಹೋದಾಗ ನೋಡಿ.

ನಿಮ್ಮ ಅತ್ತೆಯವರಿಗೆ ಒಂದು ಮಾತು. ಅವರಿಗೆ ಕಾಗಕ್ಕ ಗುಬ್ಬಕ್ಕನ ಕಥೆ ಗೊತ್ತಿರುತ್ತದಲ್ಲ. ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ಅವರು ಹೇಳಿದ ಹಾಗೆ ನೀವು ಚಿತ್ರ ಬರೆಯಿರಿ, ಸಗಣಿ ಮನೆ, ಕಲ್ಲು ಮನೆ, ಮಳೆ, ಬಾಗಿಲು. ಚಿತ್ರ ಚೆನ್ನಾಗಿ ಬರಬೇಕು ಅಂತಿಲ್ಲ. ಮಧ್ಯಕ್ಕೆ ಹೊಲಿಗೆ ಹಾಕಿ. ಓದಲು ಬಾರದ ಅಜ್ಜಿ ಮೊಮ್ಮಗಳಿಗೆ ಪುಸ್ತಕ ಓದಿದ ಹಾಗಾಗುತ್ತದೆ. ಇಲ್ಲಿ ಕೆಲವು ಅಜ್ಜಿಯರ ಕೈಲಿ ಇದನ್ನು ಮಾಡಿಸಿದ್ದೇನೆ, ಪುಟ ತಿರುಗಿಸುವಾಗ ಅವರಿಗೆ ಆಗುವ ಹೆಮ್ಮೆ ತುಂಬಾ ದೊಡ್ಡದು.

ಎಸ್ಟೇಟ್ ಅಪ್ಪ, ಸಕಲೇಶಪುರ

ಹಾಸನದಲ್ಲೇ ಇದ್ದೀರಲ್ಲ, ಒಂದು ಭಾನುವಾರ ಹಳೇಬೀಡಿಗೆ ಕರೆದುಕೊಂಡು ಹೋಗಿ. ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯಲ್ಲಿ ತೀರಾ ಕೆಳಗಿನ ಸಾಲೇ ಆನೆ, ಮೂರು ವರ್ಷದ ಮಗುವಿನ ಕಣ್ಣಿಗೆ ಎಟುಕುತ್ತದೆ. ಅದರ ಮೇಲೆ ಸಿಂಹ, ಕುದುರೆ, ಇನ್ನೂ ಮೇಲೆ ಮಕರ, ಹಂಸ. ಆ ಆನೆ ಓಡಿ ಬರುವುದಿಲ್ಲ, ಮುಟ್ಟದೆ ಹತ್ತಿರ ನಿಂತು ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಆಮೇಲೆ ಪುಸ್ತಕ ತೆರೆಯಿರಿ.

ಹಾಸನದ ಅಮ್ಮ

ಎಲ್ಲರಿಗೂ ಮನಸಾರೆ ಧನ್ಯವಾದ. ಇವತ್ತು ಸ್ಟೋರಿವೀವರ್‌ನಿಂದ ಅಕ್ಷರವಿಲ್ಲದ ಒಂದೆರಡು ಕಥೆ ಪ್ರಿಂಟ್ ತೆಗೆಸಿದೆ, ಆನೆ ಇಲ್ಲದವು. 'ಗಜಪತಿ ಕುಲಪತಿ' ಕನ್ನಡದ್ದು ಹಾಸನದಲ್ಲಿ ಯಾರ ಅಂಗಡಿಯಲ್ಲಾದರೂ ಕಂಡಿದ್ದರೆ ತಿಳಿಸಿ, ಇಲ್ಲದಿದ್ದರೆ ಆನ್‌ಲೈನ್ ತರಿಸುತ್ತೇನೆ. ಹಕ್ಕಿ ಗೂಡಿನ ಪುಸ್ತಕ ಕನ್ನಡದಲ್ಲಿ ಯಾವುದು ಅಂತ ಮೇಡಂ ಹೆಸರು ಹೇಳಿದರೆ ಎರಡನ್ನೂ ಒಟ್ಟಿಗೇ ತರಿಸಿಕೊಳ್ಳುತ್ತೇನೆ.

ಅಂಗನವಾಡಿ ಟೀಚರ್, ಬೇಲೂರು ತಾಲ್ಲೂಕು

ತರಿಸಬೇಡಿ ಅಕ್ಕ, 'ಗಜಪತಿ' ನನ್ನ ಹತ್ತಿರ ಸ್ವಂತದ ಪ್ರತಿ ಇದೆ. ಮುಂದಿನ ವಾರ ಮೀಟಿಂಗಿಗೆ ಹಾಸನಕ್ಕೆ ಬರುತ್ತೇನೆ, ತಂದು ಕೊಡುತ್ತೇನೆ. ಮಗಳು ತೆರೆದು ನೋಡಿ ಇಷ್ಟಪಟ್ಟರೆ ಆಮೇಲೆ ಕೊಂಡುಕೊಳ್ಳಿ.